ಟ್ರೋಲ್‌ಟುಂಗಾ ಚಾರಣ: ಹೊತ್ತಿನ ಲೆಕ್ಕದಿಂದ ಶುರುಮಾಡುವ ಸಮಗ್ರ ಮಾರ್ಗದರ್ಶಿ

ನಾರ್ವೆಯ ಹಾರ್ಡಾಂಗರ್ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಚಾಚಿದ ಕಡಲು) ಸೀಮೆಗೆ ಹೋಗಿ, ಪ್ರಪಾತದ ಮೇಲೆ ನಾಲಿಗೆಯಂತೆ ಚಾಚಿಕೊಂಡಿರುವ ಟ್ರೋಲ್‌ಟುಂಗಾ ಬಂಡೆಯನ್ನು ಕಾಣದೆಯೇ ಹಿಂದಿರುಗಿದವರು ನನಗೆ ಹೇಳುವ ಕಾರಣಗಳು ಹೆಚ್ಚುಕಡಿಮೆ ಒಂದೇ ಬಗೆಯವು. ನಡೆಯಲು ಶುರುಮಾಡಿದಾಗ ಹತ್ತು ಗಂಟೆ ದಾಟಿತ್ತು. ಮೇಲಿನ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಊರಿನಲ್ಲಿ ಬಿಸಿಲಿತ್ತು, ಮೇಲೆ ಹೋದರೆ ಮಂಜು ಮುಚ್ಚಿಕೊಂಡಿತ್ತು. ಮೂರನೆಯ ಕಿಲೋಮೀಟರಿನಲ್ಲೇ ಶೂ ಒದ್ದೆಯಾಗಿ ಕಾಲು ಬೊಬ್ಬೆ ಬಂತು. ಇವರಲ್ಲಿ ದೇಹಶಕ್ತಿ ಸಾಲದೆ ಸೋತವರು ಬಹಳ ಕಡಿಮೆ. ನಿರ್ಧಾರಗಳನ್ನು ತಪ್ಪಾದ ಕ್ರಮದಲ್ಲಿ ತೆಗೆದುಕೊಂಡದ್ದರಿಂದ ಸೋತವರೇ ಹೆಚ್ಚು: ಮೊದಲು ವಿಮಾನದ ಟಿಕೆಟ್, ಆಮೇಲೆ ಹೋಟೆಲ್, ಕೊನೆಗೆ ಬೆಟ್ಟ. ಈ ಮಾರ್ಗದರ್ಶಿಯಲ್ಲಿ ಆ ಕ್ರಮವನ್ನು ತಿರುಗಿಸಿ, ಬೆಟ್ಟದಿಂದ ಶುರುಮಾಡಿ ಮನೆಯ ಕಡೆಗೆ ಬಂದಿದ್ದೇನೆ.

ಮೊದಲು ಅಂಕಿಗಳು. ಬಂಡೆ ಇರುವುದು ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿ. ಅದರ ಕೆಳಗೆ ಸುಮಾರು 700 ಮೀಟರ್ ಆಳದಲ್ಲಿ ರಿಂಗೆದಾಲ್ಸ್‌ವಾತ್ನೆ ಸರೋವರವಿದೆ. ಷೆಗ್ಗೆದಾಲ್ ಕಣಿವೆಯಿಂದ ಹೋಗಿಬರುವ ದೂರ ಸುಮಾರು 27 ಕಿ.ಮೀ., ಬೇಕಾಗುವ ಹೊತ್ತು 10ರಿಂದ 12 ಗಂಟೆ. ಹೊತ್ತಿನ ಈ ಅಂಕಿಯೇ ಮುಂದೆ ಹೇಳುವ ಎಲ್ಲದಕ್ಕೂ ಆಧಾರ. ಏರು ಕಡಿದಾಗಿದೆ ಎಂಬುದಕ್ಕಿಂತ ದಿನ ಸಾಲುವುದಿಲ್ಲ ಎಂಬುದೇ ಇಲ್ಲಿನ ನಿಜವಾದ ತೊಡಕು.

ಹಂತ 1: ದಿನಾಂಕಕ್ಕೆ ಮೊದಲು ಋತು, ಋತುವಿನ ಒಳಗೆ ಒಂದು ಬಿಡುವಿನ ದಿನ

ಮಾರ್ಗದರ್ಶಕರಿಲ್ಲದೆ ಹೋಗಬಹುದಾದ ಅವಧಿ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ಈ ನಾಲ್ಕೂ ತಿಂಗಳು ಒಂದೇ ಸಮನಾಗಿಲ್ಲ. ಜೂನ್ ಮೊದಲ ಎರಡು ವಾರಗಳಲ್ಲಿ, ಕೆಲವು ವರ್ಷ ತಿಂಗಳಿಡೀ, ಮೇಲಿನ ಪ್ರಸ್ಥಭೂಮಿಯಲ್ಲಿ ಹಿಮ ಉಳಿದಿರುತ್ತದೆ. ಹಿಮದ ಮೇಲೆ ನಡೆದು ರೂಢಿಯಿಲ್ಲದವರು ಆ ಸಮಯದಲ್ಲಿ ಸ್ಥಳೀಯ ಮಾರ್ಗದರ್ಶಕರೊಡನೆ ಹೋಗುವುದೇ ಸರಿ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಸ್ವಂತವಾಗಿ ಹೋಗುವ ಯೋಚನೆಯನ್ನೇ ಬಿಟ್ಟುಬಿಡಿ. ಬೆಂಗಳೂರಿನ ಶಾಲೆಗಳ ಏಪ್ರಿಲ್–ಮೇ ರಜೆಗೆ ನಾರ್ವೆ ಪ್ರವಾಸ ಹೊಂದಿಸಿ, ಆ ಪಟ್ಟಿಯಲ್ಲಿ ಟ್ರೋಲ್‌ಟುಂಗಾ ಹೆಸರನ್ನೂ ಸೇರಿಸುವ ಕುಟುಂಬಗಳು ಮಾಡುವ ತಪ್ಪು ಇದೇ. ಮೇ ತಿಂಗಳಲ್ಲಿ ಲೋಫ್ತೂಸ್ ಊರಿನ ಸುತ್ತಲಿನ ಹಣ್ಣಿನ ತೋಟಗಳು ಹೂಬಿಡುತ್ತವೆ, ಫ್ಯೋರ್ಡ್ ದಂಡೆ ಸುಂದರವಾಗಿರುತ್ತದೆ, ಆದರೆ ಬೆಟ್ಟದ ಮೇಲೆ ಇನ್ನೂ ಚಳಿಗಾಲವೇ.

ಹಗಲಿನ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್ ಮೂರನೆಯ ವಾರದಲ್ಲಿ ಈ ಸೀಮೆಯಲ್ಲಿ ಹಗಲು ಸುಮಾರು 19 ಗಂಟೆ ಇರುತ್ತದೆ. ಸೆಪ್ಟೆಂಬರ್ ಕೊನೆಗೆ ಅದು 12 ಗಂಟೆಗಿಂತ ತುಸು ಕಡಿಮೆಯಾಗಿರುತ್ತದೆ. ಹನ್ನೆರಡು ಗಂಟೆಯ ನಡಿಗೆಯನ್ನು ಹನ್ನೆರಡು ಗಂಟೆಯ ಹಗಲಿನೊಳಗೆ ತುರುಕಿದರೆ ಒಂದು ಉಳುಕಿಗೂ ಅವಕಾಶ ಉಳಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲ ಬಾರಿ ಹೋಗುವವರಿಗೆ ಜುಲೈ ಎರಡನೆಯ ವಾರದಿಂದ ಆಗಸ್ಟ್ ಕೊನೆಯವರೆಗಿನ ಅವಧಿ ಒಳ್ಳೆಯದು. ಜನಜಂಗುಳಿಯನ್ನು ಸಹಿಸಿಕೊಳ್ಳಬೇಕು, ಅಷ್ಟೇ.

ಋತು ಗೊತ್ತಾದ ಮೇಲೆ ಓಡ್ಡಾ ಅಥವಾ ಟಿಸ್ಸೆದಾಲ್ ಊರಿನಲ್ಲಿ ಕನಿಷ್ಠ ಮೂರು ರಾತ್ರಿ ವಾಸ್ತವ್ಯ ಹೂಡಿ. ಒಂದು ದಿನ ಚಾರಣಕ್ಕೆ, ಇನ್ನೊಂದು ದಿನ ಮಳೆ ಗಾಳಿಗೆ ಬಿಟ್ಟುಕೊಡಲು. ಬಿಡುವಿನ ದಿನವಿಲ್ಲದವರು ಕೆಟ್ಟ ಹವೆಯಲ್ಲೂ ಹೊರಟುಬಿಡುತ್ತಾರೆ, ಏಕೆಂದರೆ ಅವರಿಗೆ ಬೇರೆ ದಾರಿಯೇ ಇರುವುದಿಲ್ಲ. ಬೆರ್ಗೆನ್ ನಗರದಲ್ಲಿ ಉಳಿದುಕೊಂಡು ಒಂದೇ ದಿನದಲ್ಲಿ ಹೋಗಿಬರುವ ಯೋಜನೆಯನ್ನು ದಯವಿಟ್ಟು ಮಾಡಬೇಡಿ: ಓಡ್ಡಾಕ್ಕೆ ರಸ್ತೆಯಲ್ಲಿ ಸುಮಾರು ಮೂರು ಗಂಟೆ, ಅಷ್ಟೇ ಹೊತ್ತು ಹಿಂದಿರುಗಲು, ನಡುವೆ ಹನ್ನೆರಡು ಗಂಟೆಯ ನಡಿಗೆ. ಹದಿನೆಂಟು ಗಂಟೆಯ ಆ ದಿನದ ಕೊನೆಯಲ್ಲಿ ದಣಿದ ಒಬ್ಬರು ಕಿರಿದಾದ ಫ್ಯೋರ್ಡ್ ರಸ್ತೆಯಲ್ಲಿ, ಸುರಂಗಗಳ ಒಳಗೆ ಕಾರು ಓಡಿಸಬೇಕಾಗುತ್ತದೆ. ಬೆಟ್ಟದ ಅಪಾಯಕ್ಕಿಂತ ಅದು ಕಡಿಮೆಯೇನಲ್ಲ.

ಭಾರತದಿಂದ ಹೊರಡುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡವಾಗಬಾರದು. ಬೇಸಿಗೆಯ ದಟ್ಟಣೆಯಲ್ಲಿ ಆ ಕೊನೆಯ ಗಡುವನ್ನು ನಂಬಿ ಕೂರಬೇಡಿ.

ಹಂತ 2: ಎಲ್ಲಿಂದ ನಡೆಯುವುದೆಂದು ನಿರ್ಧರಿಸಿ, ಕೂಡಲೇ ಕಾಯ್ದಿರಿಸಿ

ವಾಹನ ನಿಲ್ಲಿಸುವ ಜಾಗಗಳು ಮೂರು. ಪಿ-1 ಇರುವುದು ಫ್ಯೋರ್ಡ್ ದಂಡೆಯ ಟಿಸ್ಸೆದಾಲ್‌ನಲ್ಲಿ, ಪಿ-2 ಕಣಿವೆಯ ಒಳಗಿನ ಷೆಗ್ಗೆದಾಲ್‌ನಲ್ಲಿ, ಪಿ-3 ಬೆಟ್ಟದ ಮೇಲಿನ ಮೋಗೆಲಿಟಾಪ್‌ನಲ್ಲಿ. ಪಿ-2ರಿಂದ ಪಿ-3ಕ್ಕೆ ಸುಮಾರು 4 ಕಿ.ಮೀ. ದೂರ, ಸುಮಾರು 400 ಮೀಟರ್ ಏರು. ಪಿ-3ರಿಂದ ನಡೆದರೆ ಹೋಗಿಬರುವ ದೂರ ಸುಮಾರು 20 ಕಿ.ಮೀ.ಗೆ ಇಳಿಯುತ್ತದೆ, ಹೊತ್ತು 7ರಿಂದ 10 ಗಂಟೆ. ಅಂದರೆ ಇಡೀ ದಿನದ ಏರಿನಲ್ಲಿ ಅರ್ಧದಷ್ಟನ್ನು ಆ ತಿರುವುಗಳ ರಸ್ತೆಯೇ ಕಳೆಯುತ್ತದೆ.

ಪಿ-3ರಲ್ಲಿ ಕಾರುಗಳಿಗೆ ಇರುವುದು ಮೂವತ್ತು ಜಾಗ ಮಾತ್ರ, ಅವೂ ಮುಂಗಡ ಕಾಯ್ದಿರಿಸಿದವರಿಗೆ. ಉಳಿದವರು ಪಿ-2ರಿಂದ ಹೊರಡುವ ಬಸ್ಸಿನಲ್ಲಿ ಹೋಗಬೇಕು; ಅದರ ಆಸನಗಳನ್ನೂ ಮೊದಲೇ ಕಾಯ್ದಿರಿಸುವುದು ಒಳ್ಳೆಯದು. ಬೆಳಗಿನ ಮೊದಲ ಅಥವಾ ಎರಡನೆಯ ಬಸ್ಸನ್ನೇ ಆರಿಸಿಕೊಳ್ಳಿ. ಒಂಬತ್ತು ಗಂಟೆಯ ಬಸ್ಸು ಸಿಕ್ಕಿತೆಂದು ಸಂತೋಷಪಡುವವರು ಆ ಹೊತ್ತಿಗಾಗಲೇ ಎರಡು ಗಂಟೆ ಕಳೆದುಕೊಂಡಿರುತ್ತಾರೆ.

ಹಿಂದಿರುಗುವ ಬಸ್ಸಿಗೂ ಟಿಕೆಟ್ ತೆಗೆದುಕೊಳ್ಳಿ, ಆದರೆ ಅದು ತಪ್ಪಿದರೆ ಏನು ಮಾಡುವುದೆಂಬುದನ್ನೂ ಮೊದಲೇ ಯೋಚಿಸಿಡಿ. ಕೊನೆಯ ಬಸ್ಸು ಹೋದ ಮೇಲೆ ಉಳಿಯುವುದು ನಾಲ್ಕು ಕಿಲೋಮೀಟರ್ ಇಳುಕಲು ರಸ್ತೆ. ಇಡೀ ದಿನ ನಡೆದ ಮಂಡಿಗಳಿಗೆ ಆ ನಾಲ್ಕು ಕಿಲೋಮೀಟರ್ ಉಳಿದ ಇಪ್ಪತ್ತಕ್ಕೆ ಸಮ. ಆದುದರಿಂದ ಪಿ-3ರಿಂದ ನಡೆಯುವವರೂ ಪಿ-2ರವರೆಗೆ ಇಳಿಯುವಷ್ಟು ಕಸುವು ಮತ್ತು ತಲೆದೀಪ ಉಳಿಸಿಕೊಂಡಿರಬೇಕು.

ಹಂತ 3: ಗಡಿಯಾರವನ್ನು ಹಿಂದಿನಿಂದ ಎಣಿಸಿ

ಇಡೀ ಯೋಜನೆಯಲ್ಲಿ ಬಹಳ ಜನ ಬಿಟ್ಟುಬಿಡುವ ಹಂತ ಇದು. ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಸಾಮಾನ್ಯವಾಗಿ ನಾವು ಹೊರಡುವ ಗಂಟೆಯಿಂದ ಮುಂದಕ್ಕೆ ಎಣಿಸುತ್ತೇವೆ: ಎಂಟಕ್ಕೆ ಹೊರಟರೆ ಒಂದಕ್ಕೆ ಮುಟ್ಟಬಹುದು. ಹಾಗೆ ಎಣಿಸಿದರೆ ಮುಟ್ಟುವ ಗಂಟೆ ಮಾತ್ರ ತಿಳಿಯುತ್ತದೆ. ಯಾವ ಗಂಟೆಗೆ ಹಿಂದಿರುಗಲೇಬೇಕು ಎಂಬುದು ತಿಳಿಯುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀವು ಹೋಗುವ ದಿನ ಪಿ-3ರಿಂದ ಕೆಳಗಿಳಿಯುವ ಕೊನೆಯ ಬಸ್ಸು ಸಂಜೆ 7ಕ್ಕೆ ಎಂದಿಟ್ಟುಕೊಳ್ಳಿ. ನಿಜವಾದ ವೇಳೆಯನ್ನು ಆ ವರ್ಷದ ವೇಳಾಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಅರ್ಧ ಗಂಟೆ ಮೊದಲು ನಿಲ್ದಾಣದಲ್ಲಿರಬೇಕು, ಅಂದರೆ 6.30. ಹಿಂದಿರುಗುವ ಹತ್ತು ಕಿಲೋಮೀಟರಿಗೆ ಸಾಧಾರಣ ನಡಿಗೆಯವರಿಗೆ ವಿಶ್ರಾಂತಿ ಸೇರಿ ನಾಲ್ಕೂವರೆ ಗಂಟೆ ಹಿಡಿಯಿರಿ. ಅಲ್ಲಿಗೆ 2 ಗಂಟೆ. ಬೊಬ್ಬೆ, ಮಳೆ, ದಾರಿ ತಪ್ಪುವುದು ಇಂಥವುಗಳಿಗೆ ಒಂದು ಗಂಟೆ ಮೀಸಲಿಡಿ; ಅಲ್ಲಿಗೆ ಮಧ್ಯಾಹ್ನ 1. ಬಂಡೆಯ ಮೇಲಿದ್ದರೂ ಸರಿ, ಅದಕ್ಕೆ ಎರಡು ಕಿಲೋಮೀಟರ್ ಹಿಂದಿದ್ದರೂ ಸರಿ, ಒಂದು ಗಂಟೆಗೆ ನೀವು ಹಿಂದಕ್ಕೆ ತಿರುಗಬೇಕು. ಈ ಗಂಟೆಯನ್ನು ಹಿಂದಿನ ರಾತ್ರಿಯೇ ಕಾಗದದ ಮೇಲೆ ಬರೆದು, ಗುಂಪಿನ ಎಲ್ಲರಿಂದ ಒಪ್ಪಿಗೆ ಪಡೆಯಿರಿ. ಬೆಟ್ಟದ ಮೇಲೆ ಆ ಚರ್ಚೆ ಶುರುವಾದರೆ ಯಾರೋ ಒಬ್ಬರು 'ಇನ್ನೇನು ಬಂದೇಬಿಟ್ಟಿತು' ಎನ್ನುತ್ತಾರೆ, ಉಳಿದವರಿಗೆ ಬೇಡವೆನ್ನುವ ಧೈರ್ಯ ಇರುವುದಿಲ್ಲ.

ಇದೇ ಲೆಕ್ಕವನ್ನು ಪಿ-2ರಿಂದ ಮಾಡಿ ನೋಡಿ. ಬೆಳಗ್ಗೆ 6ಕ್ಕೆ ಹೊರಟರೆ ಸುಮಾರು 12ಕ್ಕೆ ಬಂಡೆ, ಅಲ್ಲಿ ಒಂದು ಗಂಟೆ, ಇಳಿದು ಬರುವಾಗ ಸಂಜೆ 6.30. ಜುಲೈನಲ್ಲಿ ಇದಕ್ಕೆ ಯಾವ ತೊಂದರೆಯೂ ಇಲ್ಲ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಸುಮಾರು 7 ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಅರ್ಧ ಗಂಟೆಯ ಅಂತರ ಇಟ್ಟುಕೊಂಡು ಇಪ್ಪತ್ತೇಳು ಕಿಲೋಮೀಟರ್ ನಡೆಯುವುದು ಸಲ್ಲದು. ಹಾಗಾಗಿ ಆ ಕಾಲದಲ್ಲಿ ಹೋಗುವವರಿಗೆ ಪಿ-3ರ ಬಸ್ಸು ಸಿಗದಿದ್ದರೆ ದಿನವನ್ನೇ ಬದಲಿಸುವುದು ಮೇಲು.

ಬೇಸಿಗೆಯ ನಡುವಿನಲ್ಲಿ ಬಂಡೆಯ ಬಳಿ ಚಿತ್ರ ತೆಗೆಸಿಕೊಳ್ಳಲು ಸಾಲು ನಿಂತಿರುತ್ತದೆ, ಒಂದು ಗಂಟೆಗೂ ಮೀರಿ ಕಾಯಬೇಕಾಗಬಹುದು. ಆ ಕಾಯುವಿಕೆಯೂ ಲೆಕ್ಕದಲ್ಲಿರಬೇಕು. ತಿರುಗುವ ಗಂಟೆಯ ಒಳಗೆ ನಿಮ್ಮ ಸರದಿ ಬರುವುದಿಲ್ಲವೆಂದು ಕಂಡರೆ, ಪಕ್ಕದ ಬಂಡೆಗಳಿಂದ ನೋಡಿ ಹಿಂದಿರುಗಿ. ನೋಟ ಅಲ್ಲಿಂದಲೂ ಅದೇ.

ಹಂತ 4: ಕಾಲನ್ನು ಪಳಗಿಸಿ

ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಈ ಚಾರಣ ಸುಲಭವೆಂದು ಅನ್ನಿಸಬಹುದು. 1,712 ಮೀಟರಿನ ಆ ಶಿಖರಕ್ಕೆ ಏರಬೇಕಾದ ಎತ್ತರ ಟ್ರೋಲ್‌ಟುಂಗಾದ್ದಕ್ಕಿಂತ ಹೆಚ್ಚೇ ಇದೆ. ಆದರೆ ಅಲ್ಲಿ ನಮ್ಮನ್ನು ದಣಿಸುವುದು ಸೆಕೆ, ಇಲ್ಲಿ ದಣಿಸುವುದು ತಣ್ಣನೆಯ ಗಾಳಿ, ಒದ್ದೆ ನೆಲ ಮತ್ತು ಮುಗಿಯದ ದೂರ. ಅಲ್ಲಿಯ ಅಭ್ಯಾಸ ಕಾಲಿಗೆ ಉಪಯೋಗಕ್ಕೆ ಬರುತ್ತದೆ. ಅದೇ ಅಂದಾಜಿನಲ್ಲಿ ಉಡುಪು ತೊಟ್ಟರೆ ಕೆಡುತ್ತದೆ.

ಹೊರಡುವುದಕ್ಕೆ ಎರಡು ತಿಂಗಳು ಮೊದಲಿನಿಂದ ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವುದೇ ಮುಖ್ಯ, ಏಕೆಂದರೆ ಕೊನೆಯ ಎರಡು ಗಂಟೆ ಮಂಡಿಯ ಮೇಲೆ ಬೀಳುತ್ತವೆ. ಕನಿಷ್ಠ ಎರಡು ಬಾರಿ, ಚಾರಣಕ್ಕೆ ಹೊರುವ ಚೀಲವನ್ನೇ ಹೊತ್ತು, ಚಾರಣಕ್ಕೆ ಹಾಕುವ ಶೂವನ್ನೇ ಹಾಕಿಕೊಂಡು, ಒಂದೇ ದಿನದಲ್ಲಿ 20 ಕಿ.ಮೀ. ನಡೆಯಿರಿ. ಆ ದಿನ ಎಂಟನೆಯ ಗಂಟೆಯಲ್ಲಿ ನಿಮಗೆ ಏನಾಗುತ್ತದೋ ಅದೇ ಬೆಟ್ಟದ ಮೇಲೂ ಆಗುತ್ತದೆ. ಹತ್ತು ಗಂಟೆ ನಡೆದು ರೂಢಿಯಿಲ್ಲದ ಮಕ್ಕಳನ್ನು ಕರೆದೊಯ್ಯಬೇಡಿ.

ಹಂತ 5: ಉಡುಪು, ಶೂ, ಚೀಲ

ಎತ್ತರಕ್ಕೆ ಹೋದಂತೆ ಪ್ರತಿ 100 ಮೀಟರಿಗೆ ಸುಮಾರು 0.6 ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಓಡ್ಡಾ ಇರುವುದು ಸಮುದ್ರಮಟ್ಟದಲ್ಲಿ. ಅಲ್ಲಿ 16 ಡಿಗ್ರಿ ಇದ್ದರೆ ಬಂಡೆಯ ಬಳಿ 9 ಅಥವಾ 10 ಎಂದು ಹಿಡಿಯಬೇಕು, ಗಾಳಿ ಬೀಸಿದರೆ ಮೈಗೆ ಅದು ಇನ್ನೂ ಕಡಿಮೆಯೆನಿಸುತ್ತದೆ. ಜುಲೈನಲ್ಲೂ ಟೋಪಿ ಮತ್ತು ಕೈಗವಸು ಬೇಕೆನ್ನುವುದು ಇದಕ್ಕಾಗಿ.

ಮೈಗೆ ತಾಗುವ ಬಟ್ಟೆ ಉಣ್ಣೆಯದೋ ಬೇಗ ಒಣಗುವ ಕೃತಕ ನೂಲಿನದೋ ಆಗಿರಲಿ. ಹತ್ತಿಯ ಟೀ ಶರ್ಟ್ ಮತ್ತು ಜೀನ್ಸ್ ಬೆವರನ್ನು, ಮಳೆಯನ್ನು ಹೀರಿ ಮೈಗೆ ಅಂಟಿಕೊಳ್ಳುತ್ತವೆ. ಏರುವಾಗ ಬೆವೆತು, ಮೇಲೆ ನಿಂತ ಐದು ನಿಮಿಷದಲ್ಲಿ ನಡುಗಲು ಶುರುಮಾಡುವವರನ್ನು ನಾನು ಪ್ರತಿ ಬಾರಿಯೂ ನೋಡಿದ್ದೇನೆ. ಅದರ ಮೇಲೆ ಬೆಚ್ಚನೆಯ ಒಂದು ಪದರ, ಎಲ್ಲಕ್ಕಿಂತ ಹೊರಗೆ ಮಳೆ ಮತ್ತು ಗಾಳಿ ಎರಡನ್ನೂ ತಡೆಯುವ ಜಾಕೆಟ್ ಹಾಗೂ ಪ್ಯಾಂಟ್. ಕೊಡೆ ಇಲ್ಲಿ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಪೊಂಚೊ ಗಾಳಿಗೆ ಹಾಯಿಯಂತೆ ಉಬ್ಬಿ, ಕಾಲಿಡುವ ಜಾಗವನ್ನೇ ಮರೆಮಾಡುತ್ತದೆ.

ಶೂ ಕಣಕಾಲನ್ನು ಮುಚ್ಚುವಂಥದು, ನೀರು ಒಳಗೆ ಬಿಡದ್ದು, ಅಡಿಯ ಹಿಡಿತ ಸವೆಯದಿರುವಂಥದು ಆಗಿರಬೇಕು. ಹೊಸ ಶೂ ಖರೀದಿಸಿ ನೇರವಾಗಿ ಬೆಟ್ಟಕ್ಕೆ ತರುವುದು ಬೊಬ್ಬೆಗೆ ಖಚಿತ ದಾರಿ. ಮೊದಲೇ ಐವತ್ತು ಕಿಲೋಮೀಟರಾದರೂ ನಡೆದು ಹದಮಾಡಿಕೊಳ್ಳಿ. ಓಟದ ಶೂ ಹಾಕಿಕೊಂಡು ಹೋಗಿಬಂದವರು ಇದ್ದಾರೆ, ನಿಜ. ಅವರು ಹೋದ ದಿನ ನೆಲ ಒಣಗಿತ್ತು.

ಚೀಲದಲ್ಲಿ ಇರಬೇಕಾದವು: ತಲೆದೀಪ, ಪೂರ್ತಿ ಚಾರ್ಜ್ ಆದ ಪವರ್ ಬ್ಯಾಂಕ್, ಕಾಗದದ ನಕ್ಷೆ ಮತ್ತು ದಿಕ್ಸೂಚಿ, ಫೋನಿನಲ್ಲಿ ಇಂಟರ್ನೆಟ್ ಇಲ್ಲದೆಯೂ ತೆರೆಯುವ ನಕ್ಷೆ, ಬೊಬ್ಬೆಯ ಪಟ್ಟಿ ಸೇರಿದ ಪ್ರಥಮ ಚಿಕಿತ್ಸೆಯ ಪೊಟ್ಟಣ, ಒಂದು ಜೊತೆ ಒಣ ಕಾಲುಚೀಲ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಬೆಚ್ಚನೆಯ ಅಂಗಿ. ಚಳಿಯಲ್ಲಿ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ, ಅದನ್ನು ಒಳ ಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಊರುಗೋಲು ಎರಡಿದ್ದರೆ ಇಳಿಯುವಾಗ ಮಂಡಿಗೆ ದೊಡ್ಡ ಉಪಕಾರ.

ಊಟದ ವಿಷಯ. ದಾರಿಯಲ್ಲಿ ಅಂಗಡಿ ಇಲ್ಲ. ಚಪಾತಿಗೆ ಚಟ್ನಿಪುಡಿ ಎಣ್ಣೆ ಸವರಿ ಸುತ್ತಿಟ್ಟುಕೊಂಡರೆ ಗಾಳಿಯಲ್ಲಿ ನಿಂತೇ ತಿನ್ನಬಹುದು. ಕಡಲೆಮಿಠಾಯಿ, ಒಣದ್ರಾಕ್ಷಿ, ಚಾಕೊಲೇಟ್ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಹೋಗುತ್ತಿರಲಿ. ಭಾರತದಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ನಾರ್ವೆಗೆ ತರುವಂತಿಲ್ಲ, ಹಾಗಾಗಿ ಪೇಡ, ತುಪ್ಪವನ್ನು ಮನೆಯಲ್ಲೇ ಬಿಡಿ. ನಾರ್ವೆಯಲ್ಲಿ ಭಾನುವಾರ ದೊಡ್ಡ ದಿನಸಿ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಸೋಮವಾರ ಬೆಟ್ಟ ಹತ್ತುವವರು ಶನಿವಾರವೇ ಖರೀದಿ ಮುಗಿಸಬೇಕು. ಒಂದೂವರೆ ಲೀಟರ್ ನೀರು ಹೊತ್ತು ಹೊರಟರೆ ಸಾಕು, ಬೇಸಿಗೆಯಲ್ಲಿ ಹರಿಯುವ ತೊರೆಗಳಿಂದ ಜನ ತುಂಬಿಕೊಳ್ಳುತ್ತಾರೆ. ನಿಂತ ನೀರನ್ನು ಮುಟ್ಟಬೇಡಿ.

ಹಂತ 6: ಹಿಂದಿನ ಸಂಜೆ ಹವೆ ನೋಡುವ ಬಗೆ

ನಾರ್ವೆಯವರು ನೋಡುವ ಹವಾಮಾನ ಸೇವೆಯ ಹೆಸರು 'ವೈ' ಮತ್ತು 'ಆರ್' ಎಂಬ ಎರಡೇ ಇಂಗ್ಲಿಷ್ ಅಕ್ಷರಗಳದು. ಅಲ್ಲಿನ ಹವಾಮಾನ ಸಂಸ್ಥೆ ಮತ್ತು ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಸೇರಿ ಅದನ್ನು ನಡೆಸುತ್ತವೆ. ಅದರಲ್ಲಿ ಹುಡುಕಬೇಕಾದ ಸ್ಥಳ ಟ್ರೋಲ್‌ಟುಂಗಾ, ಓಡ್ಡಾ ಅಲ್ಲ. ಊರಿನ ಮುನ್ಸೂಚನೆ ನೋಡಿ ಬೆಟ್ಟಕ್ಕೆ ಹೊರಡುವುದು ನಾನು ಕಂಡ ತಪ್ಪುಗಳಲ್ಲೇ ಅತ್ಯಂತ ಸಾಮಾನ್ಯವಾದದ್ದು, ತಿದ್ದಿಕೊಳ್ಳಲು ಅತ್ಯಂತ ಸುಲಭವಾದದ್ದೂ ಹೌದು.

ಮಳೆಗಿಂತ ಮೊದಲು ಗಾಳಿಯನ್ನು ನೋಡಿ. ಅಲ್ಲಿ ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ: 10 ಎಂದರೆ ಗಂಟೆಗೆ 36 ಕಿ.ಮೀ., 15 ಎಂದರೆ 54 ಕಿ.ಮೀ. ಹತ್ತರ ಆಸುಪಾಸಿನಲ್ಲಿ ನಡಿಗೆ ಭಾರವಾಗುತ್ತದೆ. ಹದಿನೈದರಲ್ಲಿ ಬಯಲು ಬಂಡೆಯ ಮೇಲೆ ಸಮತೋಲ ತಪ್ಪುತ್ತದೆ. ಮೊದಲ ಬಾರಿಗೆ ಹೋಗುವವರು ಮುನ್ಸೂಚನೆಯಲ್ಲಿ ಹತ್ತು ದಾಟಿದ್ದರೆ ದಿನವನ್ನು ಮುಂದೂಡಬೇಕೆಂದೇ ನನ್ನ ಸಲಹೆ. ಜಿಟಿಜಿಟಿ ಮಳೆಯನ್ನು ಒಳ್ಳೆಯ ಜಾಕೆಟ್ ತಡೆಯುತ್ತದೆ, ಮಂಜನ್ನು ಯಾವ ಜಾಕೆಟ್ಟೂ ತಡೆಯುವುದಿಲ್ಲ. ಆದ್ದರಿಂದ ಮೋಡದ ಎತ್ತರವನ್ನೂ ಗಮನಿಸಿ. ಪ್ರವಾಹ, ಭೂಕುಸಿತ ಮತ್ತು ಹಿಮಕುಸಿತದ ಎಚ್ಚರಿಕೆಗಳು 'ವಾರ್ಸೋಮ್' ಎಂಬ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತವೆ.

ಎಲ್ಲಿಗೆ, ಯಾವ ದಾರಿಯಲ್ಲಿ ಹೋಗುತ್ತಿದ್ದೀರಿ, ಎಷ್ಟು ಗಂಟೆಗೆ ಹಿಂದಿರುಗುತ್ತೀರಿ ಎಂಬುದನ್ನು ವಸತಿಯವರಿಗೋ ಸ್ನೇಹಿತರಿಗೋ ಬರೆದು ತಿಳಿಸಿ. ಹಿಂದಿರುಗಿದ ಮೇಲೆ ಅವರಿಗೆ ಮತ್ತೆ ಹೇಳುವುದನ್ನು ಮರೆಯಬೇಡಿ.

ಹಂತ 7: ದಾರಿಯ ಮೇಲೆ

ಮೋಗೆಲಿಟಾಪ್ ದಾಟಿದ ಮೇಲೆ ಮೊದಲು ಸ್ವಲ್ಪ ದೂರ ನೆಲ ಸಮತಟ್ಟಾಗಿರುತ್ತದೆ. ಇಲ್ಲಿ ಉತ್ಸಾಹದಿಂದ ಬೀಸುಗಾಲು ಹಾಕಿದವರು ಮುಂದಿನ ಗ್ರೀಟೆಸ್ಕಾರೆ ಮತ್ತು ಟ್ರೊಂಬೋಸ್ಕಾರೆ ಏರುಗಳಲ್ಲಿ ಉಸಿರು ಕಳೆದುಕೊಳ್ಳುತ್ತಾರೆ. ಜೊತೆಯವರೊಡನೆ ಮಾತಾಡುತ್ತ ನಡೆಯಬಲ್ಲಷ್ಟು ನಿಧಾನವೇ ಸರಿಯಾದ ವೇಗ. ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ; ಹಿಂದೆ ಬಿಟ್ಟರೆ ಅವರು ವಿಶ್ರಾಂತಿಯ ಜಾಗಕ್ಕೆ ಬರುವಷ್ಟರಲ್ಲಿ ಉಳಿದವರು ಎದ್ದು ಹೊರಟಿರುತ್ತಾರೆ, ಅವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ.

ಟ್ರೊಂಬೋಸ್ಕಾರೆ ದಾಟಿದ ಮೇಲೆ ಕಷ್ಟ ಮುಗಿಯಿತೆಂದು ಎಲ್ಲರಿಗೂ ಅನ್ನಿಸುತ್ತದೆ. ದಾರಿ ಇಳಿಯುತ್ತದೆ, ಬಲಕ್ಕೆ ಕೆಳಗೆ ಸರೋವರ ಕಾಣುತ್ತದೆ. ಆದರೆ ಈಗ ಇಳಿಯುವ ಪ್ರತಿ ಇಳುಕಲನ್ನೂ ಸಂಜೆ ಏರಬೇಕು. ಇಲ್ಲಿ ನಿಂತು ಒಮ್ಮೆ ಕೇಳಿಕೊಳ್ಳಿ: ಇದನ್ನು ದಣಿದ ಕಾಲಿನಲ್ಲಿ ಮತ್ತೆ ಹತ್ತಬಲ್ಲೆನೇ? ಉತ್ತರ ಅನುಮಾನವೆನಿಸಿದರೆ ತಿರುಗಲು ಇದೇ ಒಳ್ಳೆಯ ಜಾಗ. ನಾನು ಮೊದಲ ಬಾರಿ ಹೋದಾಗ ಜೊತೆಗಾರರೊಬ್ಬರ ಮಂಡಿ ಇಲ್ಲಿಯೇ ನೋಯಲು ಶುರುವಾಗಿ, ನಾವೆಲ್ಲ ಒಟ್ಟಿಗೆ ಹಿಂದಿರುಗಿದೆವು. ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ ಎಂಬುದು ನಾರ್ವೆಯ ಬೆಟ್ಟದ ನಿಯಮಾವಳಿಯಲ್ಲೇ ಬರೆದಿರುವ ಮಾತು, ಅಲ್ಲಿನ ಮಕ್ಕಳಿಗೂ ಅದು ಬಾಯಿಪಾಠ.

ದಾರಿಯುದ್ದಕ್ಕೂ ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ ಇಂಗ್ಲಿಷಿನ 'ಟಿ' ಅಕ್ಷರ ಬರೆದಿದೆ, ಪ್ರತಿ ಕಿಲೋಮೀಟರಿಗೆ ಫಲಕವಿದೆ. ಕಿಲೋಮೀಟರ್ ಫಲಕ ಕಂಡಾಗಲೆಲ್ಲ ಗಡಿಯಾರ ನೋಡಿ. ಒಂದು ಕಿಲೋಮೀಟರಿಗೆ ಮೂವತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿದ್ದರೆ ನಿಮ್ಮ ಲೆಕ್ಕ ಆಗಲೇ ತಪ್ಪಿದೆ. ಮಂಜು ಕವಿದಾಗ ನಿಂತ 'ಟಿ' ಗುರುತಿನಿಂದ ಮುಂದಿನ 'ಟಿ' ಕಾಣದಿದ್ದರೆ, ಇದ್ದ ಗುರುತನ್ನು ಬಿಟ್ಟು ಹೋಗಬೇಡಿ. ಸ್ವಲ್ಪ ಹೊತ್ತು ಕಾಯಿರಿ, ತೆರವಾಗದಿದ್ದರೆ ಬಂದ ಗುರುತುಗಳನ್ನೇ ಹಿಡಿದು ಹಿಂದಿರುಗಿ. ಅಡ್ಡದಾರಿ ಕಂಡುಹಿಡಿಯುವ ಪ್ರಯತ್ನ ಬೇಡವೇ ಬೇಡ, ಏಕೆಂದರೆ ಅಂಚಿನ ಆಚೆ ಇರುವುದು ಪ್ರಪಾತ.

ಹಿಮದ ತುಣುಕುಗಳ ಮೇಲೆ ನಡೆಯಬೇಕಾದಾಗ ಕೆಳಗೆ ನೀರಿನ ಸದ್ದು ಕೇಳಿಸುತ್ತಿದೆಯೇ ಎಂದು ಕಿವಿಗೊಡಿ. ಸದ್ದು ಕೇಳಿದರೆ ಆ ಹಿಮ ಒಳಗೆ ಟೊಳ್ಳು, ಕೋಲಿನಿಂದ ಚುಚ್ಚಿ ನೋಡದೆ ಕಾಲಿಡಬೇಡಿ. ಬೆಳಗ್ಗೆ ಕಲ್ಲಿನಿಂದ ಕಲ್ಲಿಗೆ ದಾಟಿದ ತೊರೆ, ಮಳೆ ಸುರಿದರೆ ಅಥವಾ ಬಿಸಿಲಿಗೆ ಹಿಮ ಕರಗಿದರೆ ಮಧ್ಯಾಹ್ನ ಉಕ್ಕಿರಬಹುದು.

ಹಂತ 8: ಬಂಡೆಯ ಬಳಿ

ಅಲ್ಲಿ ಕಟಕಟೆಯಿಲ್ಲ, ತಂತಿಯಿಲ್ಲ. ಮುಟ್ಟಿದ ಕೂಡಲೇ ಸಾಲಿನಲ್ಲಿ ನಿಲ್ಲುವ ಬದಲು, ಗಾಳಿಗೆ ಮರೆಯಾದ ಜಾಗದಲ್ಲಿ ಕುಳಿತು ಒದ್ದೆ ಅಂಗಿ ಬದಲಿಸಿ, ಬೆಚ್ಚನೆಯ ಪದರ ಹಾಕಿಕೊಂಡು, ಏನಾದರೂ ತಿನ್ನಿ. ದಣಿದು ಹಸಿದ ಕಾಲುಗಳು ನಡುಗುತ್ತಿರುತ್ತವೆ, ಅಂಥ ಕಾಲಿನಲ್ಲಿ ಅಂಚಿನ ಹತ್ತಿರ ಹೋಗಬಾರದು.

ಬಂಡೆ ಒದ್ದೆಯಿದ್ದರೆ ಅಥವಾ ಗಾಳಿ ಬಿಟ್ಟುಬಿಟ್ಟು ಜೋರಾಗಿ ಬೀಸುತ್ತಿದ್ದರೆ ತುದಿಗೆ ಹೋಗಬೇಡಿ, ನಡುವಿನಲ್ಲೇ ನಿಲ್ಲಿ. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದು, ಹಾರುವುದು ಬೇಡ. ಚಿತ್ರ ತೆಗೆಯುವವರು ಹಿಂದೆ ಹಿಂದೆ ಸರಿಯುವಾಗ ತಮ್ಮ ಬೆನ್ನ ಹಿಂದೆ ಏನಿದೆಯೆಂಬುದನ್ನು ಮರೆಯುತ್ತಾರೆ. ಅವರ ಪಕ್ಕದಲ್ಲಿ ಇನ್ನೊಬ್ಬರು ನಿಂತಿರಲಿ.

ಹಂತ 9: ಹಿಂದಿರುಗಬೇಕೆನ್ನುವ ಲಕ್ಷಣಗಳು, ಸಹಾಯ ಕರೆಯುವ ಬಗೆ

ಮೈ ತಣಿಯುವುದರ ಲಕ್ಷಣಗಳನ್ನು ಪರಸ್ಪರರಲ್ಲಿ ನೋಡಬೇಕು, ಏಕೆಂದರೆ ತಣಿಯುತ್ತಿರುವವರಿಗೆ ಅದು ಗೊತ್ತಾಗುವುದಿಲ್ಲ. ಮೊದಲು ನಿಲ್ಲದ ನಡುಕ, ಆಮೇಲೆ ಜಿಪ್ ಹಾಕಲಾರದ ಬೆರಳುಗಳು, ಮತ್ತೆ ಮತ್ತೆ ಎಡವುವುದು, ಮಾತು ತೊದಲುವುದು. ಇಷ್ಟು ಹೊತ್ತು ಗೊಣಗುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರೆ ಹೆಚ್ಚು ಎಚ್ಚರವಾಗಿರಿ. ಕೂಡಲೇ ಗಾಳಿಗೆ ಮರೆ ಹುಡುಕಿ, ಒದ್ದೆ ಬಟ್ಟೆ ತೆಗೆದು ಒಣಗಿದ್ದನ್ನು ಹಾಕಿ, ನೆಲಕ್ಕೂ ಮೈಗೂ ನಡುವೆ ಚೀಲ ಹಾಸಿ, ನುಂಗಬಲ್ಲವರಾದರೆ ಸಿಹಿ ಕೊಡಿ. ದಾರಿಯಲ್ಲಿ ತುರ್ತು ಆಸರೆಗೆಂದೇ ಎರಡು ಗುಡಿಸಲುಗಳಿವೆ. ಹೋಗುವಾಗಲೇ ಅವು ಎಲ್ಲಿವೆಯೆಂದು ಕಣ್ಣಲ್ಲಿ ಗುರುತಿಟ್ಟುಕೊಳ್ಳಿ.

ವೈದ್ಯಕೀಯ ತುರ್ತಿಗೆ 113, ದಾರಿ ತಪ್ಪಿದಾಗ ಅಥವಾ ಬೇರೆ ರಕ್ಷಣೆಗೆ 112. 'ಯೆಲ್ಪ್ 113' ಎಂಬ ಆಪ್ ಫೋನಿನಲ್ಲಿದ್ದರೆ, ಅದರ ಮೂಲಕ ಕರೆ ಮಾಡಿದಾಗ ನೀವಿರುವ ಜಾಗ ಅವರಿಗೆ ತಿಳಿಯುತ್ತದೆ. ಊರಿನಿಂದ ಹೊರಡುವ ಮೊದಲೇ ಅದನ್ನು ಹಾಕಿಕೊಳ್ಳಿ. ಕೊನೆಯಲ್ಲಿ ದಾಟಿದ ಕಿಲೋಮೀಟರ್ ಫಲಕದ ಸಂಖ್ಯೆ ಹೇಳಿ. ಬೆಟ್ಟದಲ್ಲಿ ನಡೆಯುವ ರಕ್ಷಣಾ ಕಾರ್ಯಕ್ಕೆ ನಾರ್ವೆಯಲ್ಲಿ ಹಣ ಕೇಳುವುದಿಲ್ಲ, ಹಾಗಾಗಿ ಖರ್ಚಿಗೆ ಹೆದರಿ ಕರೆಯನ್ನು ತಡಮಾಡಬೇಡಿ. ಆಮೇಲಿನ ಆಸ್ಪತ್ರೆಯ ವೆಚ್ಚಕ್ಕೆ ಪ್ರಯಾಣ ವಿಮೆ ಬೇಕಾಗುತ್ತದೆ. ಬೇಸಿಗೆಯಲ್ಲಿ ದಾರಿಯ ಮೇಲೆ ಬೆಟ್ಟದ ಕಾವಲುಗಾರರು ಓಡಾಡುತ್ತಿರುತ್ತಾರೆ. ಅವರು ತಿರುಗಿ ಎಂದರೆ ತಿರುಗಿ.

ಹಂತ 10: ಬಿಡುವಿನ ದಿನವನ್ನು ಕಳೆಯುವ ಬಗೆ

ಹವೆ ಕೆಟ್ಟು ಬೆಟ್ಟ ತಪ್ಪಿದ ದಿನ, ಅಥವಾ ಬೆಟ್ಟ ಮುಗಿದು ಮಂಡಿ ನೋಯುವ ಮರುದಿನ, ಕೆಳಗೆ ನೋಡುವುದಕ್ಕೆ ಬೇಕಾದಷ್ಟಿದೆ. ಓಡ್ಡಾದ ದಕ್ಷಿಣಕ್ಕೆ ರಸ್ತೆಯ ಪಕ್ಕದಲ್ಲೇ ಲೋತೆಫಾಸ್ ಜಲಪಾತ ಎರಡು ಕವಲಾಗಿ 165 ಮೀಟರ್ ಇಳಿಯುತ್ತದೆ. ಮಳೆಯ ದಿನ ಅದರ ತುಂತುರು ರಸ್ತೆಯ ಮೇಲೆಯೇ ಬೀಳುವುದರಿಂದ ಕಾರನ್ನು ಸೇತುವೆಯ ಮೇಲೆ ನಿಲ್ಲಿಸಬೇಡಿ, ನಿಗದಿಯಾದ ಜಾಗದಲ್ಲೇ ನಿಲ್ಲಿಸಿ. ಐಫ್ಯೋರ್ಡ್ ಕಡೆಯ ವೋರಿಂಗ್‌ಫಾಸ್ 182 ಮೀಟರಿನದು, ಅದರ ನೆತ್ತಿಯ ಮೇಲೆ 2020ರಲ್ಲಿ ಮೆಟ್ಟಿಲುಗಳ ಸೇತುವೆಯಾಗಿದೆ; ನಡಿಗೆ ಕಡಿಮೆ, ಕಟಕಟೆಯ ಹಿಂದಿನಿಂದ ನೋಡಬಹುದಾದ್ದರಿಂದ ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ಯಲು ಅನುಕೂಲ.

ಕಾಲಲ್ಲಿ ಇನ್ನೂ ಕಸುವಿದ್ದರೆ ಓಡ್ಡಾದ ಪಕ್ಕದ ಬುಯರ್ ಕಣಿವೆಯಲ್ಲಿ ಬುಯರ್‌ಬ್ರೇನ್ ಹಿಮನದಿಯ ಕಡೆಗೆ ಹೋಗುವ ದಾರಿಯಿದೆ. ಕಡಿದಾದ ಕಡೆ ಹಗ್ಗ ಹಿಡಿದು ಹತ್ತಬೇಕು, ಆದ್ದರಿಂದ ಮಳೆಯ ದಿನಕ್ಕೆ ಇದು ಹೊಂದುವುದಿಲ್ಲ. ದೂರದಿಂದ ನೋಡಿ ಹಿಂದಿರುಗಿ. ಮಂಜುಗಡ್ಡೆಯ ಬುಡಕ್ಕಾಗಲಿ ಅದರ ಮೇಲಕ್ಕಾಗಲಿ ಮಾರ್ಗದರ್ಶಕರಿಲ್ಲದೆ ಹೋಗಬೇಡಿ, ಏಕೆಂದರೆ ದೊಡ್ಡ ತುಂಡುಗಳು ಸೂಚನೆಯಿಲ್ಲದೆ ಕಳಚಿ ಬೀಳುತ್ತವೆ. ಕಿನ್‌ಸಾರ್‌ವಿಕ್‌ನ ಹೂಸೆದಾಲೆನ್ ಕಣಿವೆಯಲ್ಲಿ ಒಂದರ ಮೇಲೊಂದರಂತೆ ನಾಲ್ಕು ಜಲಪಾತಗಳಿವೆ. ಮೊದಲನೆಯದರವರೆಗೆ ಹೋಗಿ ಬಂದರೂ ಅರ್ಧ ದಿನ ಸಾರ್ಥಕ, ಮುಂದಕ್ಕೆ ಹೋದಷ್ಟೂ ದಾರಿ ಕಡಿದಾಗುತ್ತದೆ.

ಡೇರೆ ಹಾಕಿ ಉಳಿಯುವವರು ಗಮನಿಸಬೇಕಾದ್ದು: 1957ರ ಕಾನೂನಿನಂತೆ ಬೇಲಿ ಹಾಕದ, ಕೃಷಿ ಮಾಡದ ನೆಲದಲ್ಲಿ ಯಾರು ಬೇಕಾದರೂ ಡೇರೆ ಹಾಕಬಹುದು, ಆದರೆ ಜನವಾಸವಿರುವ ಮನೆಯಿಂದ ಕನಿಷ್ಠ 150 ಮೀಟರ್ ದೂರವಿರಬೇಕು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಾಗಲಿ ಅದರ ಹತ್ತಿರದಲ್ಲಾಗಲಿ ಬೆಂಕಿ ಹಾಕುವಂತಿಲ್ಲ. ತಂದ ಕಸವನ್ನೆಲ್ಲ, ಕಿತ್ತಳೆ ಸಿಪ್ಪೆಯನ್ನೂ ಸೇರಿಸಿ, ಹೊತ್ತು ಕೆಳಗೆ ತನ್ನಿ. ಆ ಚಳಿಯಲ್ಲಿ ಸಿಪ್ಪೆ ಕೊಳೆಯಲು ಬಹಳ ಕಾಲ ಹಿಡಿಯುತ್ತದೆ.